ಲಾಲ್ ಸಾಬರ ನಲವತ್ತೆರಡು ದಿನ

ಹಾಗಲವಾಡಿಯ ನನ್ನ ತೆಂಗಿನ ತೋಟದ ಬೇಲಿಗೆ ಒತ್ತಿಕೊಂಡಂತೆ ಕೋಳಿ ಶೆಡ್ಡು ಕಟ್ಟುತ್ತೇನೆ ಅಂತ ಹೇಳಲು ಲಾಲ್ ಸಾಬ್ ಬಂದ ದಿನ ನನ್ನ ಕೈಯಲ್ಲಿ ಮಚ್ಚಿತ್ತು. ಎಳನೀರು ಕೆತ್ತುತ್ತಿದ್ದೆ, ಅದಕ್ಕೆ ಇತ್ತು ಅಂತ ಆಮೇಲೆ ಊರಿಗೆಲ್ಲ ಹೇಳಿದೆ. ಯಾರೂ ನಂಬಲಿಲ್ಲ. ನನ್ನ ಹೆಂಡತಿ ಚೆನ್ನಮ್ಮನೇ ನಂಬಲಿಲ್ಲ ಅಂದ ಮೇಲೆ ಊರಿನವರ ಮಾತೇನು.

"ವಾಸ್ನೆ ಬತ್ತದೆ, ನೊಣ ಬತ್ತವೆ, ಆಗಾಕಿಲ್ಲ," ಅಂದೆ.

ಲಾಲ್ ಸಾಬ್ ಕೈಗಡಿಯಾರ ನೋಡಿಕೊಂಡರು. "ಬಯ್ಯಾಕೆ ಹತ್ತು ನಿಮಿಷ ಸಾಕೇನಪ್ಪ ಮೂರ್ತಿ? ಹನ್ನೊಂದೂ ಕಾಲಿಗೆ ಗುಬ್ಬಿ ಬಸ್ಸೈತೆ. ಅಷ್ಟ್ರಲ್ಲಿ ಎಷ್ಟಾಗುತ್ತೋ ಬಯ್ಯಿ. ಉಳಿದಿದ್ದು ನಾಳೆ ಬಂದು ಕೇಳ್ತೀನಿ."

ಮಾರನೇ ದಿನ ಅದೇ ಹೊತ್ತಿಗೆ ಬಂದು ನಿಂತರು. ಉಳಿದಿದ್ದನ್ನು ಬೈದೆ. ಪೂರ್ತಿ ಕೇಳಿ, "ಆಯ್ತಾ?" ಅಂತ ವಿಚಾರಿಸಿ, ಅವತ್ತೇ ಪಾಯ ತೋಡಿಸಲು ಶುರು ಮಾಡಿದರು. ಇದು ತೊಂಬತ್ತೇಳನೇ ಇಸವಿಯ ಮಾತು. ಜಮೀನು ಅವರಪ್ಪನ ಕಾಲದ್ದು. ನಾನು ಬೈಯಬಹುದಿತ್ತೇ ಹೊರತು ತಡೆಯುವ ಹಾಗಿರಲಿಲ್ಲ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ಇಟ್ಟಿದ್ದರು. ನಾಲ್ಕು ಗಂಟೆಗೆ ಬಾ ಅಂದರೆ ನಾಲ್ಕಕ್ಕೆ ಸೈಕಲ್ ಒರೆಸಿ, ಗಾಳಿ ಹೊಡೆದು, ಸ್ಟ್ಯಾಂಡು ಹಾಕಿ ನಿಲ್ಲಿಸಿರುತ್ತಿದ್ದರು. ಅದರಲ್ಲಿ ತಪ್ಪಿಲ್ಲ. ಆದರೆ ನಾಲ್ಕೂವರೆಗೆ ಹೋದವನಿಗೆ ಸೈಕಲ್ ಕೊಡುತ್ತಿರಲಿಲ್ಲ. "ನಿಂದು ನಾಲ್ಕು ಗಂಟೆ ಸೈಕಲ್ ಕಣಪ್ಪ. ನಾಳೆ ನಾಲ್ಕಕ್ಕೆ ಬಾ," ಅನ್ನುತ್ತಿದ್ದರು. ನನ್ನ ಸ್ವಂತ ಸೈಕಲ್ಲನ್ನು ಅವರ ಹತ್ತಿರ ಬಿಟ್ಟು ನಾನು ಬಸ್ಸಿನಲ್ಲಿ ಊರಿಗೆ ಬಂದಿದ್ದೇನೆ, ಅದೂ ನಿಂತುಕೊಂಡು. ಆ ಕಾಲಕ್ಕೇ ನಮ್ಮಿಬ್ಬರಿಗೆ ಜಗಳ ಹತ್ತಿ, ಜಗಳದಿಂದಲೇ ಸ್ನೇಹವಾಗಿತ್ತು. ಎಲ್ಲರೂ ಟಿವಿಎಸ್ ಮೊಪೆಡ್ ಕೊಂಡ ಮೇಲೆ ಪಂಕ್ಚರ್ ಹಾಕಿಸಿಕೊಳ್ಳುವವರು ಕಮ್ಮಿಯಾದರು. ಲಾಲ್ ಸಾಬ್ ಶಾಪು ಮುಚ್ಚಿ, ಹೆಂಡತಿ ಮಸ್ತಾನ್ ಬೀ, ಮಗಳು ಯಾಸ್ಮೀನ್ ಇಬ್ಬರನ್ನೂ ಕರೆದುಕೊಂಡು ಊರಿಗೆ ಬಂದರು. ಕೈಯಲ್ಲಿ ಆ ಎಚ್‌ಎಂಟಿ ವಾಚು ಹಾಗೇ ಇತ್ತು. ನಮ್ಮ ತುಮಕೂರು ಫ್ಯಾಕ್ಟರಿಯದೇ ಅಂತ ಅದರ ಬಗ್ಗೆ ಒಂದು ಜಂಬ. ಬೆಳಿಗ್ಗೆ ಆರಕ್ಕೆ ಕೀ ಕೊಡುವುದು ಒಂದು ದಿನವೂ ತಪ್ಪಿದ್ದಿಲ್ಲ.

ಬ್ರಾಯ್ಲರ್ ಕೋಳಿ ಅವರಿಗೆ ಹಿಡಿಸಿದ್ದು ಇದೇ ಕಾರಣಕ್ಕೆ.

"ನಿನ್ ನಾಟಿ ಕೋಳಿ ಐತಲ್ಲ ಮೂರ್ತಿ, ಅದಕ್ಕೆ ಟೈಮ್ ಅನ್ನೋದೇ ಗೊತ್ತಿಲ್ಲ. ಮನಸ್ಸು ಬಂದ್ರೆ ಕಾವು ಕೂರುತ್ತೆ, ಮನಸ್ಸು ಬಂದ್ರೆ ದಪ್ಪ ಆಗುತ್ತೆ. ಇದು ಹಂಗಲ್ಲ. ನಲವತ್ತೆರಡು ದಿನ ಅಂದ್ರೆ ನಲವತ್ತೆರಡು. ಎರಡು ಕೇಜಿ. ಗೌರ್ಮೆಂಟ್ ನೌಕರನಿಗಿಂತ ವಾಸಿ."

ಕುಣಿಗಲ್ ಕಡೆಯಿಂದ ತೂತು ಕೊರೆದ ರಟ್ಟಿನ ಡಬ್ಬಗಳಲ್ಲಿ ಒಂದು ದಿನದ ಮರಿಗಳು ಬರುತ್ತಿದ್ದವು. ನೆಲಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಹಳೇ ಪೇಪರು, ಸುತ್ತ ತಗಡಿನ ಬಳೆ, ನಡುವೆ ತಗಡಿನ ಛತ್ರಿಯಡಿ ಬಲ್ಬು. ಲಾಲ್ ಸಾಬ್ ಒಂದೊಂದೇ ಮರಿಯ ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿ ಕೆಳಗೆ ಬಿಡುವುದು ನೋಡಿದರೆ ನೂರಾರು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಮೇಷ್ಟ್ರ ಹಾಗೆ ಕಾಣುತ್ತಿದ್ದರು. ಮರಿಗಳೆಲ್ಲ ಬಲ್ಬಿನ ಕೆಳಗೆ ಗುಂಪು ಬಿದ್ದರೆ ಚಳಿ, ಅಂಚಿಗೆ ಓಡಿದರೆ ಸೆಖೆ. ಅದನ್ನು ನೋಡಿ ಬಲ್ಬು ಏರಿಸುವುದು, ಇಳಿಸುವುದು. ವಾರಕ್ಕೊಮ್ಮೆ ಯಾಸ್ಮೀನ್ ಹತ್ತು ಕೋಳಿ ಹಿಡಿದು ಬಕೆಟ್ಟಿಗೆ ಹಾಕಿ, ಕೊಂಡಿ ತಕ್ಕಡಿಗೆ ನೇತು ಹಾಕಿ ತೂಗಿ, ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದಳು. ಪಿಯುಸಿ ಓದಿದ ಹುಡುಗಿ. ಅಪ್ಪನ ಹಾಗೆ ಶಿಸ್ತು. ಬಾಯಿ ಮಾತ್ರ ಯಾರದ್ದೋ ಗೊತ್ತಿಲ್ಲ. "ಮೂರ್ತಿ ಮಾಮ, ನಿಮ್ಮನ್ನೂ ತೂಗ್ಲಾ? ಕೋಪ ಎಷ್ಟು ಕೇಜಿ ಅಂತ ಬರೀತೀನಿ," ಅಂತ ಬೇಲಿಯಾಚೆಯಿಂದ ಕೇಳುತ್ತಿದ್ದಳು.

ನಾನಿದ್ದರೆ ಅವರ ಮನೆಯಲ್ಲಿ ಕನ್ನಡವೇ. ಅದು ಅವರ ಮರ್ಯಾದೆ. ನನ್ನನ್ನು ಬೈಯುವಾಗ ಮಾತ್ರ ಉರ್ದು.

ಎರಡು ಸಾವಿರದ ಎರಡರ ಕೊನೆಯಲ್ಲಿ ಯಾಸ್ಮೀನ್‌ಗೆ ತುಮಕೂರಿನ ಬಟವಾಡಿಯಿಂದ ಸಂಬಂಧ ಬಂತು. ಹುಡುಗ ಜೀಶಾನ್. ಅವನ ತಂದೆ ಪ್ಯಾರೇಜಾನ್ ಸಾಬರಿಗೆ ಹಾಸಿಗೆ ದಿಂಬಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹತ್ತಿ ಹರಡುವ ಅಂಗಳ. ಒಳ್ಳೆಯ ಮನುಷ್ಯ. ಅವರ ಬಾಯಲ್ಲಿ ಕೆಟ್ಟ ಮಾತಿಲ್ಲ. "ನೋಡೋಣ" ಅನ್ನುವುದೊಂದಿದೆ. ಟೀ ಕುಡಿಯುತ್ತೀರಾ ಅಂದರೂ ನೋಡೋಣ.

ಮಾತುಕತೆಯ ದಿನ ಒಂಬತ್ತು ಗಂಟೆಗೆ ಬರಬೇಕಾದ ಅವರು ಒಂದು ಗಂಟೆಗೆ ಬಂದರು. ಲಾಲ್ ಸಾಬರ ಮುಖ ನೋಡಲಾಗದೆ, ನಗೆಗೆ ಇರಲಿ ಅಂತ ನಾನು ಆ ನಾಲ್ಕು ಗಂಟೆ ಸೈಕಲ್ಲಿನ ಕಥೆ ಹೇಳಿದೆ. ಪ್ಯಾರೇಜಾನ್ ಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಲಾಲ್ ಸಾಬ್ ನಗಲಿಲ್ಲ. ಊಟಕ್ಕೆ ಮಟನ್ನೋ ಚಿಕನ್ನೋ ಅನ್ನುವ ಮಾತು ಬಂದಾಗ ಎದೆ ಸೆಟೆಸಿ ಎಲ್ಲರ ಮುಂದೆ ಹೇಳಿದರು: "ನನ್ ಮಗಳ ನಿಕಾದ ದಿನ ನನ್ ಕೈಯಾರ ಸಾಕಿದ ಕೋಳಿ ಬಿಟ್ಟು ಬೇರೆ ಮಾಂಸ ಹಂಡೆಗೆ ಬೀಳಲ್ಲ."

ಬಕ್ರೀದ್ ಕಳೆದ ಮೇಲಿನ ಭಾನುವಾರ, ಫೆಬ್ರವರಿ ಹದಿನಾರು ಅಂತ ಗೊತ್ತಾಯಿತು. ಲಾಲ್ ಸಾಬ್ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಬೆರಳಿಟ್ಟು ಎಣಿಸಿ, ಜನವರಿ ಐದರಂದು ಮುನ್ನೂರು ಮರಿ ತರಿಸಿದರು. ಅಂಗಡಿಯವರು ಕೇಳಿಕೊಂಡು ಬಂದರೆ, "ಇವು ಮಾರೋವಲ್ಲ, ಮದುವೇವು," ಅಂತ ವಾಪಸ್ಸು ಕಳಿಸಿದರು. ಲೋಕದಲ್ಲಿ ಮದುವೆಗೆ ಮುಹೂರ್ತ ನೋಡಿ ಛತ್ರ ಹಿಡಿಯುವವರಿದ್ದಾರೆ. ಕೋಳಿಯ ವಯಸ್ಸಿಗೆ ಮದುವೆಯನ್ನು ಗಂಟು ಹಾಕಿದವರು ನಮ್ಮ ಲಾಲ್ ಸಾಬ್ ಒಬ್ಬರೇ.

ನಮ್ಮ ಬೀದಿಗೆಲ್ಲ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ. ಫೆಬ್ರವರಿ ಒಂಬತ್ತಕ್ಕೆ ಪ್ಯಾರೇಜಾನ್ ಸಾಬರ ಫೋನ್ ಬಂತು. ಅವರ ಹೆಂಡತಿಯ ತಮ್ಮನಿಗೆ ದುಬೈಯಲ್ಲಿ ರಜೆ ಸಿಕ್ಕಿಲ್ಲ, ಒಂದು ವಾರ ಮುಂದಕ್ಕೆ ಹಾಕೋಣ.

ಒಂದು ವಾರ ಅಂದರೆ ಮನುಷ್ಯನಿಗೆ ಏನೂ ಅಲ್ಲ. ಬ್ರಾಯ್ಲರಿಗೆ ಅದು ಅರ್ಧ ಕೇಜಿ. ಲಾಲ್ ಸಾಬ್ ನಾನೂರು ಮದುವೆ ಕಾರ್ಡಿಗೂ ಇಪ್ಪತ್ಮೂರನೇ ತಾರೀಖಿನ ಚೀಟಿ ಅಂಟಿಸಿ ಮತ್ತೆ ಹಂಚಿದರು. ಅದು ಮುಗಿಯುವ ಹೊತ್ತಿಗೆ ಇನ್ನೊಂದು ಫೋನ್. ಮನೆಗೆ ಹೊಡೆಸಿದ ಬಣ್ಣ ಒಣಗಿಲ್ಲ, ಮಾರ್ಚ್ ಎರಡಕ್ಕೆ ಇಟ್ಟುಕೊಳ್ಳೋಣ. ಚೀಟಿಯ ಮೇಲೆ ಚೀಟಿ ಬಿತ್ತು. ಕಾರ್ಡು ಮುಟ್ಟಿದರೆ ರಟ್ಟಿನ ಹಾಗೆ ಇರುತ್ತಿತ್ತು.

ಇತ್ತ ಶೆಡ್ಡಿನಲ್ಲಿ ಕೋಳಿಗಳು ಯಾರ ರಜೆಗೂ ಕಾಯುತ್ತಿರಲಿಲ್ಲ. ನಲವತ್ತೆರಡನೇ ದಿನಕ್ಕೆ ಸರಿಯಾಗಿ ಎರಡು ಕೇಜಿ ಆದವು. ಆಮೇಲೂ ನಿಲ್ಲಲಿಲ್ಲ. ಲಾಲ್ ಸಾಬ್ ಫೀಡು ಕಮ್ಮಿ ಮಾಡಿ ರಾಗಿ ಹೊಟ್ಟು ಬೆರೆಸಿದರು. ಹೊಟ್ಟನ್ನೂ ತಿಂದು ದಪ್ಪವಾದವು. ಅಡಿಗೆಗೆ ಗೊತ್ತು ಮಾಡಿದ್ದ ಹುಲಿಯೂರುದುರ್ಗದ ಭಟ್ಟಿಯವನು, ಎರಡೂವರೆ ಕೇಜಿ ದಾಟಿದರೆ ಬಿರಿಯಾನಿಯಲ್ಲಿ ತೆಂಗಿನ ನಾರು ಅಗಿದ ಹಾಗಿರುತ್ತೆ ಅಂತ ಹೇಳಿ ಕಳಿಸಿದ.

"ಓಡಾಡ್ಸಿ ಸಾಬ್ರೆ, ಕೊಬ್ಬು ಕರಗ್ತದೆ," ಅಂತ ನಾನೇ ಐಡಿಯಾ ಕೊಟ್ಟೆ. ನೂರು ಕೋಳಿಯನ್ನು ನನ್ನ ತೋಟಕ್ಕೆ ಬಿಟ್ಟೆವು. ನಾಲ್ಕು ಹೆಜ್ಜೆ ಇಟ್ಟವು, ನೆರಳು ಸಿಕ್ಕಿತು, ಕೂತವು. ತೆಂಗಿನ ಗರಿ ಹಿಡಿದು ಓಡಿಸಿದೆ. ಅವು ಎದ್ದು, ಇನ್ನೊಂದು ಮರದ ಬುಡಕ್ಕೆ ಹೋಗಿ, ಬಾಯಿ ತೆರೆದು ಏದುಸಿರು ಬಿಡುತ್ತ ಮತ್ತೆ ಕೂತವು.

"ಏಳ್ರಲಾ," ಅಂದೆ. ಏಳಲಿಲ್ಲ. ಸಿಟ್ಟು ನೆತ್ತಿಗೇರಿ ನೀರಿನ ಡಬ್ಬ ಒದ್ದೆ. ಅದು ಕಬ್ಬಿಣದ್ದು. ಹೆಬ್ಬೆರಳಿನ ಉಗುರು ಹೋಯಿತು.

"ಕೋಳಿ ಬದಲು ನೀವು ಓಡಿದ್ರಿ ಮಾಮ. ನಿಮ್ದೇ ಕೊಬ್ಬು ಕರಗಿರ್ಬೇಕು," ಅಂದಳು ಯಾಸ್ಮೀನ್.

ಫೆಬ್ರವರಿ ಇಪ್ಪತ್ತನಾಲ್ಕು, ಸೋಮವಾರ, ಮೂರನೇ ಫೋನ್. ಈ ಸಲ ನಾನೇ ಎತ್ತಿದೆ.

"ಮೂರ್ತಿಯವರೇ, ಲಾಲ್ ಭಾಯ್‌ಗೆ ಹೇಳಿಬಿಡಿ," ಅಂದರು ಪ್ಯಾರೇಜಾನ್ ಸಾಬ್. "ಎರಡನೇ ತಾರೀಖೂ ಆಗೋ ಹಾಗಿಲ್ಲ. ರಜೆ ಇನ್ನೂ ಸಿಕ್ಕಿಲ್ಲ. ಅದರ ಹಿಂದೇನೇ ಮೊಹರಂ ಬರುತ್ತೆ, ಆಗ ಮದುವೆ ಮಾಡಲ್ಲ ನಾವು. ಆಮೇಲೆ ಸಫರ್ ತಿಂಗಳ ಮೊದಲ ಹದಿಮೂರು ದಿನಾನೂ ಬೇಡ ಅಂತಾರೆ ಮನೇಲಿ. ಏಪ್ರಿಲ್ ಕೊನೆಗೆ ನೋಡೋಣ."

ನಾನು ಬೈದೆ. ಏನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಬೈದು ಮುಗಿಸಿದ ಮೇಲೆ ಗೊತ್ತಾಯಿತು, ಅವರು ಆಗಲೇ ಫೋನ್ ಇಟ್ಟಿದ್ದರು.

ಸುದ್ದಿ ಕೇಳಿದ ಲಾಲ್ ಸಾಬ್ ಫೀಡ್ ಚೀಲದ ಮೇಲೆ ಕೂತುಬಿಟ್ಟರು. ಮೊಹರಂಗೆ ಹತ್ತು ದಿನವೂ ಉಳಿದಿರಲಿಲ್ಲ. ಭಾನುವಾರ ತಪ್ಪಿದರೆ ಎರಡು ತಿಂಗಳು. ಅಷ್ಟರಲ್ಲಿ ಬಿಸಿಲು ಏರುತ್ತೆ. ಆ ಮೈ ಹೊತ್ತ ಕೋಳಿ ಒಂದೂ ಉಳಿಯುವುದಿಲ್ಲ. ಮಾರಿಬಿಡಬಹುದಿತ್ತು. ಆದರೆ ಎಲ್ಲರ ಮುಂದೆ ಆಡಿದ ಮಾತು ಏನಾಗಬೇಕು? ನಾನೂರು ಮನೆಗೆ ಮೂರನೇ ಚೀಟಿ ಹಿಡಿದುಕೊಂಡು ಯಾವ ಮುಖದಲ್ಲಿ ಹೋಗುವುದು? ಅರ್ಧ ಗಂಟೆ ತಡ ಮಾಡಿದವನಿಗೆ ಸೈಕಲ್ ಕೊಡದ ಮನುಷ್ಯ.

"ಹಿಟ್ಟು ಕಲಸು," ಅಂದರು ಮಗಳಿಗೆ, ತಲೆ ತಗ್ಗಿಸಿಕೊಂಡೇ. "ಚೀಟಿ ಅಂಟಿಸ್ಬೇಕು."

ಯಾಸ್ಮೀನ್ ಕಲಸಲಿಲ್ಲ. "ಅಬ್ಬಾ, ಈ ಸಲ ಯಾರಿಗೂ ಹೇಳ್ಬೇಡಿ. ಜನ ಭಾನುವಾರಾನೇ ಬರ್ಲಿ."

"ಜನ ಬಂದು ಯಾರನ್ನ ನೋಡ್ಬೇಕು? ಕೋಳೀನಾ?"

"ಕೋಳಿ ಇಲ್ಲಿರಲ್ಲ. ಅರ್ಧಕ್ಕರ್ಧ ನಾಳೆ ಬಟವಾಡಿಗೆ ಹೋಗ್ತವೆ." ಅವಳು ತಕ್ಕಡಿಯ ಕೊಂಡಿ ಒರೆಸುತ್ತ ಹೇಳಿದಳು. "ಮದ್ವೆ ಮುಂದಕ್ಕೆ ಹಾಕಿದ್ದು ಅವರು. ಹಾಕಿದವ್ರೇ ಸಾಕ್ಲಿ."

ಮಸ್ತಾನ್ ಬೀ ಅಡಿಗೆ ಮನೆಯಿಂದ ಸೌಟು ಹಿಡಿದೇ ಬಂದರು. "ಹುಚ್ಚು ಹಿಡೀತಾ ನಿಂಗೆ? ಬೀಗರ ಮನೆಗೆ ಕೋಳಿ ಕಳಿಸ್ತಾರೇನೇ? ಸಂಬಂಧ ಮುರಿದು ಹೋಗುತ್ತೆ."

"ಹಲ್ವಾ ಕಳಿಸ್ತಾರೆ, ಹಣ್ಣು ಕಳಿಸ್ತಾರೆ. ಕೋಳಿ ಯಾಕೆ ಕಳಿಸ್ಬಾರ್ದಮ್ಮ?"

ನಾನು ಇದಕ್ಕೆ ತಕ್ಷಣ ಒಪ್ಪಿದೆ. ನ್ಯಾಯ ನೋಡಿ ಒಪ್ಪಿದ್ದಲ್ಲ, ಕಾಲಿನ ಹೆಬ್ಬೆರಳು ಇನ್ನೂ ನೋಯುತ್ತಿತ್ತು. ಲಾಲ್ ಸಾಬ್ ಮಾತ್ರ ವಾಚು ನೋಡಿಕೊಂಡರು, ಕ್ಯಾಲೆಂಡರು ನೋಡಿದರು. ಕೊನೆಗೆ, "ಟೆಂಪೋಗೆ ಹೇಳು ಮೂರ್ತಿ. ಆರು ಗಂಟೆಗೆ," ಅಂದರು.

ಮಂಗಳವಾರ ಬೆಳಿಗ್ಗೆ ಜಾಲರಿ ಕ್ರೇಟುಗಳಲ್ಲಿ ನೂರೈವತ್ತು ಕೋಳಿ ತುಂಬಿದೆವು. ಮಸ್ತಾನ್ ಬೀ ಕಣ್ಣೊರೆಸಿಕೊಂಡು, ಬೀಗಿತಿಗೆ ಕೋಪ ಬರದೇ ಇರಲಿ ಅಂತ ಒಂದು ಜಾಡಿ ನಿಂಬೆ ಉಪ್ಪಿನಕಾಯಿ ನನ್ನ ತೊಡೆ ಮೇಲಿಟ್ಟರು. ಬಟವಾಡಿ ತಲುಪುವ ತನಕ ಅದನ್ನು ಮಗುವಿನ ಹಾಗೆ ಹಿಡಿದುಕೊಂಡು ಕೂತಿದ್ದೆ.

ಪ್ಯಾರೇಜಾನ್ ಸಾಬ್ ಅಂಗಳದಲ್ಲಿ ಹತ್ತಿ ಹರಡಿಸುತ್ತಿದ್ದರು. ಕ್ರೇಟುಗಳನ್ನು ನೋಡಿ, "ಏನ್ ಭಾಯ್, ಇದು?" ಅಂದರು.

ಲಾಲ್ ಸಾಬ್ ಮಗಳು ಕಲಿಸಿದ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. "ಮದುವೆ ದಿನ ನಿಮ್ ಹತ್ರ ಇಟ್ಕೊಂಡ್ರಿ ಭಾಯ್. ಕೋಳೀನೂ ನಿಮ್ ಹತ್ರಾನೇ ಇರ್ಲಿ. ದಿನ ಕೊಡುವಾಗ ಎರಡೂ ಒಟ್ಟಿಗೆ ಕೊಡಿ."

"ಇಷ್ಟೊಂದನ್ನ ಎಲ್ಲಿ…"

"ನೋಡೋಣ," ಅಂದೆ ನಾನು. ಅಷ್ಟು ಹೇಳುವುದಕ್ಕೇ ನಾನು ಅಷ್ಟು ದೂರ ಹೋಗಿದ್ದು.

ಪ್ಯಾರೇಜಾನ್ ಸಾಬ್ ಬಾಗಿಲು ಹಾಕಿ ನಮ್ಮನ್ನು ಒಳಗೆ ಬಿಡದೆ ಇರಬಹುದಿತ್ತು. ಆದರೆ ಬೀಗರು ತಂದದ್ದನ್ನು ವಾಪಸ್ಸು ಕಳಿಸುವುದು ಹೇಗೆ? ಆ ಮನುಷ್ಯನಿಗೆ ಅಷ್ಟು ಒರಟುತನ ಇರಲಿಲ್ಲ. ಹುಡುಗ ಜೀಶಾನ್ ಓಡಿ ಬಂದು ಕ್ರೇಟು ಇಳಿಸಿದ. ಯಾರೂ ಹೇಳದೆಯೇ ಎಲ್ಲಿ ಬಿಡಬೇಕು, ನೀರು ಎಲ್ಲಿಡಬೇಕು ಎಲ್ಲ ಅವನಿಗೆ ಗೊತ್ತಿತ್ತು. ನನಗೆ ಆಗ ಸ್ವಲ್ಪ ಅನುಮಾನ ಬಂತು. ಆ ತಿಂಗಳು ನಮ್ಮ ಮನೆಯ ಫೋನ್ ಬಿಲ್ಲಿನ ತುಂಬ ಬಟವಾಡಿಯ ನಂಬರೇ ಕಂಡಾಗ ಅನುಮಾನ ಪೂರ್ತಿ ಹೋಯಿತು. ಯಾಸ್ಮೀನ್ ಬರೆದು ಕೊಟ್ಟಿದ್ದ ಹಾಳೆಯನ್ನು ಲಾಲ್ ಸಾಬ್ ಅಂಗಳದ ಗೋಡೆಗೆ ಅಂಟಿಸಿದರು: ಆರಕ್ಕೆ ನೀರು, ಏಳಕ್ಕೆ ಫೀಡು, ಹನ್ನೆರಡಕ್ಕೆ ಗೋಣಿಚೀಲ ಒದ್ದೆ ಮಾಡಿ ನೆರಳು, ಸಂಜೆ ನಾಲ್ಕಕ್ಕೆ ಹೊಟ್ಟು ಕೆದಕುವುದು. ಹೀಗೆ ಹನ್ನೊಂದು ಕೆಲಸ, ಎಲ್ಲಕ್ಕೂ ಗಂಟೆ ನಿಮಿಷ.

ಬುಧವಾರ ಫೋನ್ ಬರಲಿಲ್ಲ. ಗುರುವಾರವೂ ಇಲ್ಲ. ಮಸ್ತಾನ್ ಬೀ ದಿನಕ್ಕೆ ಐದು ಸಲ ನಮ್ಮ ಮನೆಗೆ ಬಂದು ಫೋನನ್ನು ನೋಡಿ ಹೋಗುತ್ತಿದ್ದರು. ಲಾಲ್ ಸಾಬ್ ಊಟ ಬಿಟ್ಟರು. "ತಪ್ಪು ಮಾಡ್ದೆ ಮೂರ್ತಿ," ಅಂದರು ಗುರುವಾರ ಸಂಜೆ. "ಕೋಳಿ ಟೈಮು ನೋಡ್ದೆ, ಮಗಳ ಬದುಕು ನೋಡ್ಲಿಲ್ಲ." ನಾನು ಅವರಿಗೆ ಒಂದು ಎಳನೀರು ಕೆತ್ತಿ ಕೊಟ್ಟೆ. 

ಶುಕ್ರವಾರ ಮೊದಲನೇ ಬಸ್ಸಿಗೆ ಪ್ಯಾರೇಜಾನ್ ಸಾಬ್ ಇಳಿದರು. ಗಡ್ಡದಲ್ಲಿ ಬಿಳಿ ಬಿಳಿ ಏನೋ ಸಿಕ್ಕಿಕೊಂಡಿತ್ತು. ಹತ್ತಿಯೋ ಪುಕ್ಕವೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲ, ತೊಂದರೆಯೇ ಅದು.

"ಭಾಯ್," ಅಂದರು ಜಗಲಿ ಮೇಲೆ ಕೂತು. "ಗಿರಾಕಿಗಳು ಹಾಸಿಗೆ ಮೂಸಿ ನೋಡಿ ಹೋಗ್ತಾವ್ರೆ. ಒಬ್ಬ ಮೇಷ್ಟ್ರು ಕೇಳ್ತಾನೆ, ಇದ್ರಲ್ಲಿ ಹತ್ತಿ ತುಂಬಿದ್ದೀರೋ ಕೋಳಿ ತುಂಬಿದ್ದೀರೋ ಅಂತ. ಮೂರು ದಿನದಿಂದ ನಾನು ಬೆಳಿಗ್ಗೆ ಆರಕ್ಕೆ ಏಳ್ತಾ ಇದೀನಿ. ನನ್ ಹೆಂಡ್ತಿ ಆ ಹಾಳೆ ನೋಡ್ಕೊಂಡು ನನ್ನ ಓಡಾಡಿಸ್ತಾಳೆ. ನಿನ್ನೆ ಮಧ್ಯಾಹ್ನ ಒಂದು ಕೋಳಿ ಬಿಸಿಲಿಗೆ ನನ್ ಕಣ್ಮುಂದೇನೇ ಹೋಯ್ತು. ಗೋಣಿ ಒದ್ದೆ ಮಾಡೋದು ಹತ್ತು ನಿಮಿಷ ತಡ ಆಗಿತ್ತು, ಅಷ್ಟೇ."

ಲಾಲ್ ಸಾಬ್ ಬಾಯಿ ತೆರೆದರು. ಪ್ಯಾರೇಜಾನ್ ಸಾಬ್ ಕೈ ಎತ್ತಿ ತಡೆದರು.

"ಭಾನುವಾರ ಹತ್ತು ಗಂಟೆಗೆ ಬರ್ತೀವಿ. ನಾಳೆ ಟೆಂಪೋ ಕಳಿಸಿ, ಅವುಗಳನ್ನ ತಗೊಂಡು ಹೋಗಿ."

"ದುಬೈಯಿಂದ ನಿಮ್ ಭಾಮೈದ?"

"ವಿಡಿಯೋ ಕ್ಯಾಸೆಟ್ ಕಳಿಸಿದ್ರಾಯ್ತು."

"ಬಣ್ಣ ಒಣಗಿಲ್ಲ ಅಂದ್ರಲ್ಲ," ಅಂದೆ ನಾನು.

"ಒಣಗಿತ್ತು. ಒಂದ್ ಗೋಡೆ ತುಂಬ ಈಗ ಬೇರೆ ಬಣ್ಣ ಆಗೈತೆ, ಬುಡಿ." ಹೊರಡುವಾಗ ಮಸ್ತಾನ್ ಬೀ ಕಡೆ ತಿರುಗಿ, "ಉಪ್ಪಿನಕಾಯಿ ಚೆನ್ನಾಗಿತ್ತಮ್ಮ," ಅಂದರು. ಮಸ್ತಾನ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಒಳಗಿಂದ ಯಾಸ್ಮೀನ್ ನಕ್ಕಿದ್ದು ಕೇಳಿಸಿತು.

ಭಾನುವಾರ ನನ್ನ ತೋಟದಲ್ಲಿ ಚಪ್ಪರ. ಐವತ್ತಾರು ದಿನದ ಕೋಳಿ, ಒಂದೊಂದೂ ಮೂರು ಕೇಜಿ ದಾಟಿತ್ತು. ಹುಲಿಯೂರುದುರ್ಗದ ಭಟ್ಟಿಯವನು ಒಂದನ್ನು ಎತ್ತಿ ನೋಡಿ, "ಕೋಳಿ ಅಂದಿದ್ರಿ, ಕುರಿ ಸಾಕಿದ್ದೀರಿ," ಅಂತ ಗೊಣಗಿ, ತುಂಡು ಚಿಕ್ಕದು ಮಾಡಿಸಿ, ಪರಂಗಿಕಾಯಿ ಅರೆದು ಹಚ್ಚಿ ನೆನೆಹಾಕಿಸಿದ. ಎಲ್ಲ ಸರಿ ಹೋಯಿತು ಅನ್ನುವಾಗ ಒಂಬತ್ತು ಗಂಟೆಗೆ ಅವನು ಕೂಗಿದ: "ಸಾಬ್ರೆ, ಎರಡು ಕೇಜಿ ಕೋಳಿ ಲೆಕ್ಕಕ್ಕೆ ಹಂಡೆ ತರ್ಸಿದ್ದೀರಿ. ಮಾಂಸ ಇನ್ನೂ ಅಷ್ಟು ಹೊರಗೈತೆ. ಇನ್ನೊಂದು ಹಂಡೆ ಬೇಕು."

ಲಾಲ್ ಸಾಬ್ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು. ಬನಿಯನ್ನಿನಲ್ಲೇ ನನ್ನ ಮೊಪೆಡ್ಡಿನ ಹಿಂದೆ ಕೂತರು. ನಮ್ಮೂರ ಮಸೀದಿಯ ಹಂಡೆಗಳೆಲ್ಲ ಆಗಲೇ ಚಪ್ಪರದಲ್ಲಿದ್ದವು. ಪಕ್ಕದ ಊರಿಗೆ ಹೋಗಿ, ಬೀಗದ ಕೈ ಇಟ್ಟುಕೊಂಡವರನ್ನು ಹುಡುಕಿ, ಹಂಡೆಯನ್ನು ಲಾಲ್ ಸಾಬರ ಬೆನ್ನಿಗೆ ಹಗ್ಗದಿಂದ ಬಿಗಿದು ವಾಪಸ್ಸು ಬರುವಾಗ ಹತ್ತೂವರೆ.

ಹೂವು ಹಾಕಿದ ಕಾರು ಚಪ್ಪರದ ಮುಂದೆ ನಿಂತಿತ್ತು. ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರಂತೆ. ಹುಡುಗ ಕೂತಿದ್ದ, ಖಾಜಿಗಳು ಕೂತಿದ್ದರು, ಜನ ಕೂತಿದ್ದರು. ಹುಡುಗಿಯ ಅಪ್ಪ ಒಬ್ಬರು ಇರಲಿಲ್ಲ. ಬಾಗಿಲಲ್ಲಿ ಪ್ಯಾರೇಜಾನ್ ಸಾಬ್ ಹೊಸ ಶೇರ್ವಾನಿ ಹಾಕಿಕೊಂಡು ನಿಂತಿದ್ದರು. ಬೆನ್ನ ಮೇಲೆ ಹಂಡೆ, ಕೆನ್ನೆ ಮೇಲೆ ಒಣಗಿದ ಸೋಪು ಹೊತ್ತು ಬಂದ ಬೀಗರನ್ನು ಅಡಿಯಿಂದ ಮುಡಿಯವರೆಗೂ ನೋಡಿದರು.

"ನಿಮ್ದು ಹತ್ತು ಗಂಟೆ ಮದ್ವೆ ಕಣ್ ಭಾಯ್," ಅಂದರು. "ನಾಳೆ ಹತ್ತಕ್ಕೆ ಬನ್ನಿ."

ಚಪ್ಪರವೆಲ್ಲ ನಕ್ಕಿತು. ಖಾಜಿಗಳೂ ನಕ್ಕರು. ನಾನು ಲಾಲ್ ಸಾಬರ ಮುಖ ನೋಡಿದೆ. ಅವರು ನಿಧಾನವಾಗಿ ವಾಚನ್ನು ಕಿವಿಗೆ ಹಿಡಿದು, ಒಂದು ಸಲ ಅಲ್ಲಾಡಿಸಿ, "ನಿಂತೋಗೈತೆ," ಅಂದರು.

ಎಲ್ಲರೂ ನಂಬಿದರು. ದಾರಿಯುದ್ದಕ್ಕೂ ಅವರ ಕೈ ನನ್ನ ಹೆಗಲ ಮೇಲಿತ್ತು, ವಾಚು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಟಕಟಕ ಅಂತ ಓಡುತ್ತಿತ್ತು. ನಾನೂ ನಂಬಿದವನ ಹಾಗೆ ಹಂಡೆಯ ಹಗ್ಗ ಬಿಚ್ಚಿದೆ.